ಶಿಲೆಯಲ್ಲಿ ಶಿವಕಳೆ: ಮಸ್ಕಿ ಸೀಮೆಯ ಒಂದು ವಿಚಾರ

ಕೃಷ್ಣಾ-ತುಂಗಭದ್ರೆಯರ ನಡುವಣ ರಾಯಚೂರು ಸೀಮೆಯು ಕಲ್ಲುಗುಡ್ಡಗಳ ನಾಡು; ದೈವನೆಲೆಗಳ ನಾಡೂ ಹೌದು. ಮಸ್ಕಿಯ ಬೆಟ್ಟದ ಮೇಲೆ ಮಲ್ಲಿಕಾರ್ಜುನನೂ, ಲಿಂಗಸುಗೂರು ತಾಲೂಕಿನ ಗುರುಗುಂಟೆಯಲ್ಲಿ ಅಮರೇಶ್ವರನೂ, ಸಿಂಧನೂರು ತಾಲೂಕಿನ ಅಂಬಾಮಠದಲ್ಲಿ ಅಂಬಾದೇವಿಯೂ ಪೂಜೆಗೊಳ್ಳುತ್ತಿದ್ದಾರೆ. ಶಿಲೆಯು ದೇವರಾಗುವುದು ಯಾವಾಗ, ಯಾರಿಂದ? ಈ ಪ್ರಶ್ನೆ ಸದ್ಭಕ್ತರೆಲ್ಲರೂ ಆಲೋಚಿಸತಕ್ಕದ್ದು.

ಆಗಮೋಕ್ತ ರೀತಿಯಲ್ಲಿ ಶಿಲ್ಪಿಯ ಕೈಯಿಂದ ಬಂದ ವಿಗ್ರಹವು ಇನ್ನೂ ಪೂಜಾರ್ಹವಲ್ಲ. ಅದನ್ನು ನೀರಿನಲ್ಲಿರಿಸುವುದು ಜಲಾಧಿವಾಸ, ಧಾನ್ಯದಲ್ಲಿರಿಸುವುದು ಧಾನ್ಯಾಧಿವಾಸ. ಬಳಿಕ ಕಣ್ಣು ತೆರೆಯಿಸುವ ನಯನೋನ್ಮೀಲನ, ಮಂತ್ರನ್ಯಾಸ, ಪ್ರಾಣಪ್ರತಿಷ್ಠೆ, ಕಲಶಾಭಿಷೇಕಗಳು ಜರುಗುತ್ತವೆ. ಅಂದಿನಿಂದ ಅದು ಬರಿಯ ಕಲ್ಲಲ್ಲ. ಸ್ನಾನ, ನೈವೇದ್ಯಾದಿ ಉಪಚಾರಗಳನ್ನು ಸ್ವೀಕರಿಸುವ ಒಡೆಯ. ಈ ವಿಧಿಯೆಲ್ಲವೂ ಆಚಾರ್ಯನ ಅಧಿಕಾರಕ್ಕೆ ಒಳಪಟ್ಟದ್ದು. ಗರ್ಭಗುಡಿಯ ಹೊಸ್ತಿಲನ್ನು ಎಲ್ಲರೂ ದಾಟುವಂತಿರಲಿಲ್ಲ.

ಹನ್ನೆರಡನೆಯ ಶತಮಾನದ ಶರಣರು ಈ ಹೊಸ್ತಿಲನ್ನೇ ಇಲ್ಲವಾಗಿಸಿದರು. ಲಿಂಗದೀಕ್ಷೆಯಲ್ಲಿ ಗುರುವು ಶಿಷ್ಯನ ಮಸ್ತಕದ ಮೇಲೆ ಹಸ್ತವನ್ನಿರಿಸಿ, ಅವನೊಳಗಿನ ಚಿತ್ಕಳೆಯನ್ನೇ ಲಿಂಗದಲ್ಲಿ ನೆಲೆಗೊಳಿಸಿ ಕರಸ್ಥಲಕ್ಕೆ ಕೊಡುವನೆಂಬುದು ನಮ್ಮ ಪರಂಪರೆಯ ನಂಬುಗೆ. ಇಲ್ಲಿ ಕಳೆಯು ಬರುವುದು ಭಕ್ತನ ಒಳಗಿನಿಂದಲೇ. ಆದುದರಿಂದ ಕುಲ, ಕಸುಬು, ಗಂಡು-ಹೆಣ್ಣೆಂಬ ಭೇದಕ್ಕೆ ಎಡೆಯಿಲ್ಲದಾಯಿತು.

ಈ ಸಮತೆಗೆ ಹೋಲುವ ಮಾತೊಂದು ಮಸ್ಕಿಯ ಬಂಡೆಯಲ್ಲಿಯೇ ಉಂಟು. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಅವರಿಗೆ ಇಲ್ಲಿ ಕ್ರಿಸ್ತಪೂರ್ವ ಮೂರನೆಯ ಶತಮಾನದ ಶಾಸನವು ದೊರೆಯಿತು. ಪ್ರಾಕೃತ ಭಾಷೆ, ಬ್ರಾಹ್ಮೀ ಲಿಪಿಯ ಈ ಶಾಸನದಲ್ಲಿ ಅಶೋಕನ ಹೆಸರಿದ್ದುದರಿಂದ 'ದೇವಾನಾಂಪ್ರಿಯ'ನು ಅವನೇ ಎಂಬುದು ನಿಶ್ಚಯವಾಯಿತು. ಅದು ವಿಗ್ರಹಪೂಜೆಯ ವಿಷಯವನ್ನು ಹೇಳುವುದಿಲ್ಲ. ಆದರೆ ಹಿಂದೆ ಬೆರೆಯದಿದ್ದ ದೇವರುಗಳು ಈಗ ಬೆರೆತಿರುವರೆಂದೂ, ಧರ್ಮನಿಷ್ಠನಾದ ಅಲ್ಪನಿಗೂ ಈ ಸಿದ್ಧಿಯುಂಟು, ಅದು ದೊಡ್ಡವರಿಗೆ ಮಾತ್ರವೆಂದು ತಿಳಿಯಬಾರದೆಂದೂ ಸಾರುತ್ತದೆ.

ಹಾಗಾದರೆ ಬೆಟ್ಟದ ಮಲ್ಲಿಕಾರ್ಜುನನನ್ನು ಮರೆಯಬೇಕೆ? ಎದೆಯ ಮೇಲೆ ಇಷ್ಟಲಿಂಗವನ್ನು ಧರಿಸಿದವರೂ ಆ ಮೆಟ್ಟಿಲುಗಳನ್ನು ಏರುತ್ತಲೇ ಬಂದಿದ್ದಾರೆ. ಏರುವುದರಲ್ಲಿ ದೋಷವಿಲ್ಲ. ಶಿಲೆಯಲ್ಲಿ ಕಂಡ ಕಳೆಯನ್ನು ಪಕ್ಕದಲ್ಲಿ ಏರುತ್ತಿರುವವನಲ್ಲಿ ಕಾಣದೆಹೋದರೆ ಮಾತ್ರ, ನಾವು ಮಾಡಿದ ಪ್ರತಿಷ್ಠೆಯು ಅಪೂರ್ಣವೆಂದೇ ತಿಳಿಯತಕ್ಕದ್ದು.