ಬುಡ ಉಳಿಸಿ ಫಲ ಉಣ್ಣುವ ಬಗೆ

'ಸುಸ್ಥಿರ ಅಭಿವೃದ್ಧಿ' ಎಂಬ ಮಾತು ಇಂದು ಎಲ್ಲರ ಭಾಷಣದಲ್ಲೂ ಇದೆ. ನಾರ್ವೆಯ ಗ್ರೋ ಹಾರ್ಲೆಮ್ ಬ್ರುಂಟ್‌ಲ್ಯಾಂಡ್ ಅವರ ನೇತೃತ್ವದ ಆಯೋಗ 1987ರಲ್ಲಿ ಇದಕ್ಕೊಂದು ಅರ್ಥ ಕೊಟ್ಟಿತು: ಮುಂದಿನ ಪೀಳಿಗೆಯ ಅಗತ್ಯಗಳಿಗೆ ಕುತ್ತು ಬಾರದಂತೆ ಇಂದಿನವರು ತಮ್ಮ ಅಗತ್ಯ ಪೂರೈಸಿಕೊಳ್ಳುವುದು. 2015ರಲ್ಲಿ ವಿಶ್ವಸಂಸ್ಥೆ ಇದನ್ನು 17 ಗುರಿಗಳಾಗಿ ವಿಸ್ತರಿಸಿತು. ಆದರೆ ಯಾರ ಅಗತ್ಯ, ಎಷ್ಟು ಅಗತ್ಯ ಎಂಬ ವಾದ ಇನ್ನೂ ಮುಗಿದಿಲ್ಲ.

ಈ ವಾದವನ್ನು ನಾವು ಬೀದರಿನ ನೆಲದ ಮೇಲೆ ನಿಂತು ನೋಡಬಹುದು. 15ನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಷಾ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಒಯ್ದ. ಅದು ಎತ್ತರದ ಜಂಬಿಟ್ಟಿಗೆ ನೆಲ. ಬಹಮನಿಗಳ ಕಾಲದಲ್ಲಿ ಇರಾನಿನ ವಿದ್ಯೆಯೊಂದು ಇಲ್ಲಿ ನೆಲೆಯೂರಿತು. ಅದೇ ಕರೇಜ್, ಅಂದರೆ ಸುರಂಗ ಬಾವಿ. ಎತ್ತರದಲ್ಲಿ ಒಂದು ತಾಯಿಬಾವಿ. ಅಲ್ಲಿಂದ ಸಣ್ಣ ಇಳಿಜಾರಿನ ಸುರಂಗ. ಗಾಳಿ ಬೆಳಕಿಗೆ, ಮಣ್ಣೆತ್ತಲು ಅಲ್ಲಲ್ಲಿ ಬಾವಿಗಳು. ನೌಬಾದಿನ ಸುರಂಗ ಸುಮಾರು 3 ಕಿಲೋಮೀಟರ್ ಉದ್ದವಿದೆ.

ನೀರೆತ್ತಲು ಇಲ್ಲಿ ಯಂತ್ರವಿಲ್ಲ. ನೆಲ ಜಿನುಗಿಸಿದಷ್ಟೇ ನೀರು ಹರಿದು ಬರುತ್ತದೆ. ಮಿತಿ ಸುರಂಗದ ಇಳಿಜಾರಿನಲ್ಲೇ ಇದೆ. ವಕ್ಫ್‌ನ ತತ್ವವೂ ಇಂಥದ್ದೇ: ಆಸ್ತಿಯ ಬುಡ ಮುಟ್ಟಬಾರದು, ಫಲ ಮಾತ್ರ ಹಂಚಬೇಕು.

ಹಾಗೆಂದು ಸುಲ್ತಾನರ ಕಾಲವನ್ನು ಸುವರ್ಣಯುಗವೆಂದು ಕೊಂಡಾಡಬೇಕಿಲ್ಲ. ಕತ್ತಲಲ್ಲಿ ಕಲ್ಲು ಕಡಿದ ಕೂಲಿಗಳ ಹೆಸರು ನಮಗೆ ತಲುಪಿಲ್ಲ. ಅರಮನೆಗೆ ಸಿಕ್ಕಷ್ಟು ನೀರು ಎಲ್ಲರಿಗೂ ಸಿಕ್ಕಿತೆಂದು ನಂಬುವುದೂ ಕಷ್ಟ.

ಆಮೇಲೆ ಕೊಳವೆಬಾವಿ ಬಂತು. ಅದು ಬಡ ರೈತನಿಗೂ ಅನ್ನ ಕೊಟ್ಟದ್ದು ನಿಜ. ಆದರೆ ಅದಕ್ಕೆ ತನ್ನದೇ ಆದ ಮಿತಿಯಿಲ್ಲ. ಹಣವಿದ್ದವನು ಇನ್ನಷ್ಟು ಆಳಕ್ಕೆ ಕೊರೆಸುತ್ತಾನೆ, ಪಕ್ಕದವನ ಬಾವಿ ಬತ್ತುತ್ತದೆ. ಇಂದು ಜಗತ್ತಿನಲ್ಲೇ ಅತಿ ಹೆಚ್ಚು ಅಂತರ್ಜಲ ಬಳಸುವ ದೇಶ ನಮ್ಮದು. ನಾಳೆಯ ಮಕ್ಕಳಿಗೆ ಅನ್ಯಾಯವಾಗುವ ಮೊದಲೇ ಇಂದಿನ ನೆರೆಯವನಿಗೆ ಅನ್ಯಾಯವಾಗಿರುತ್ತದೆ. ಬ್ರುಂಟ್‌ಲ್ಯಾಂಡ್ ಆಯೋಗವೂ ಬಡವರ ಅಗತ್ಯವೇ ಮೊದಲು ಎಂದಿತ್ತು. ನಾವು ಮರೆತದ್ದು ಆ ಭಾಗವನ್ನೇ.

ಯಂತ್ರದಲ್ಲಿ ಮಿತಿಯಿಲ್ಲದಾಗ ಅದನ್ನು ಮನುಷ್ಯರೇ ಹಾಕಿಕೊಳ್ಳಬೇಕು. ಕರ್ನಾಟಕದಲ್ಲಿ 2011ರ ಅಂತರ್ಜಲ ಕಾಯ್ದೆಯಿದೆ. ಆದರೆ ಕಾಗದದ ಮೇಲಿನ ಕಾಯ್ದೆ ನೀರು ಉಳಿಸದು. ಯಾರು ಎಷ್ಟು ಎತ್ತಬೇಕು, ಯಾವ ಬೆಳೆ ಬೆಳೆಯಬೇಕು ಎಂದು ಊರವರು ಜಾತಿ, ಮತ ನೋಡದೆ ಒಟ್ಟಿಗೆ ಕೂತು ತೀರ್ಮಾನಿಸಬೇಕು. ನೆಲದಡಿಯ ನೀರಿಗೆ ಯಾರ ಹೊಲದ ಬದುವೂ ಗೊತ್ತಿಲ್ಲ.