ಒಂದು ಗಂಟೆ ದುಡಿದರೂ ಉದ್ಯೋಗಿ!

ವೀಕ್ಷಕರೇ, 2025ರ ಫೆಬ್ರವರಿಯ ಇನ್ವೆಸ್ಟ್ ಕರ್ನಾಟಕ ಸಮಾವೇಶ ಮುಗಿದಾಗ ಸರ್ಕಾರ ಕೊಟ್ಟ ಲೆಕ್ಕ ಇದು: 10.27 ಲಕ್ಷ ಕೋಟಿ ಹೂಡಿಕೆ, 6 ಲಕ್ಷ ಉದ್ಯೋಗ. ಬರಲಿ, ಸಂತೋಷ. ನಂಬುವ ಮೊದಲು ಒಮ್ಮೆ ರಾಮಮೂರ್ತಿ ನಗರದ ಕಡೆ ಬನ್ನಿ.

ಪಕ್ಕದಲ್ಲೇ ದೂರವಾಣಿ ನಗರ. 1948ರಲ್ಲಿ ಶುರುವಾದ ಐಟಿಐ ಇಲ್ಲಿಂದಲೇ ದೇಶಕ್ಕೆ ಟೆಲಿಫೋನ್ ಮಾಡಿಕೊಟ್ಟಿತು. ಫೋನಿಗೆ ಬೇಡಿಕೆ ಬೆಳೆದರೆ ಕೆಲಸವೂ ಬೆಳೆಯುತ್ತೆ ಅಂತ ಯಾರಿಗಾದರೂ ಅನಿಸಬೇಕು ತಾನೇ? ಆದದ್ದೇನು? 1991ರ ಉದಾರೀಕರಣದ ನಂತರ ಫೋನ್ ಮನೆಮನೆಗೆ ಬಂತು, ಆಮೇಲೆ ಜೇಬಿಗೂ ಬಂತು. ಐಟಿಐಗೆ ಬಂದದ್ದು ವಿಆರ್‌ಎಸ್. ಹಳೆ ಮದ್ರಾಸ್ ರಸ್ತೆಯ ಎನ್‌ಜಿಇಎಫ್ ಅಂತೂ 2002ರಲ್ಲಿ ಬಾಗಿಲನ್ನೇ ಮುಚ್ಚಿತು.

ಇನ್ನು ನಿರುದ್ಯೋಗದ ಅಂಕಿ. ನಾನು ಎಂಜಿನಿಯರಿಂಗ್ ಓದಿದವನು. ಅಳತೆ ಹೇಳಿದರೆ ಅಳತೆಗೋಲು ತೋರಿಸಿ ಅಂತೀನಿ. ಕೇಂದ್ರದ ಸಮೀಕ್ಷೆಯ ವಾರದ ಲೆಕ್ಕದಲ್ಲಿ, ಏಳು ದಿನಗಳಲ್ಲಿ ಒಂದೇ ಒಂದು ಗಂಟೆ ದುಡಿದರೂ ನೀವು ಉದ್ಯೋಗಿ. ಸಂಬಳವಿಲ್ಲದೆ ಅಪ್ಪನ ಅಂಗಡಿ ನೋಡಿಕೊಂಡರೂ ಉದ್ಯೋಗಿ. ಇನ್ನು ಕೆಲಸ ಹುಡುಕದೆ, ಕೆಲಸಕ್ಕೆ ಸಿದ್ಧ ಅಂತಲೂ ಹೇಳದೆ ಮನೇಲಿ ಕೂತವರು? ಅವರು ನಿರುದ್ಯೋಗಿಗಳ ಲೆಕ್ಕಕ್ಕೇ ಬರೋದಿಲ್ಲ!

ಈ ಅಂಕಿಯೂ ಸಲೀಸಾಗಿ ಸಿಗಲಿಲ್ಲ. 2017-18ರ ವರದಿ ತಡೆದದ್ದಕ್ಕೆ 2019ರ ಜನವರಿಯಲ್ಲಿ ರಾಷ್ಟ್ರೀಯ ಅಂಕಿಅಂಶ ಆಯೋಗದ ಪಿ.ಸಿ. ಮೋಹನನ್, ಜೆ.ವಿ. ಮೀನಾಕ್ಷಿ ರಾಜೀನಾಮೆ ಕೊಟ್ಟರು. ಲೋಕಸಭಾ ಚುನಾವಣೆ ಮುಗಿದ ಮೇಲೆ, ಮೇ 31ಕ್ಕೆ ವರದಿ ಹೊರಬಂತು: ನಿರುದ್ಯೋಗ ಶೇ. 6.1.

ಹಾಗಂತ ಅಂಕಿಯೆಲ್ಲ ಸುಳ್ಳಲ್ಲ. ಲಕ್ಷ ಲಕ್ಷ ಉದ್ಯೋಗ ಅಂದವರನ್ನು ಇಷ್ಟು ಕೇಳಿ: ಯಾವ ಊರಲ್ಲಿ, ಎಷ್ಟು ಸಂಬಳಕ್ಕೆ, ಎಷ್ಟು ವರ್ಷಕ್ಕೆ?