ವಿಜಯಪುರದ ಶ್ರೀ ಸಿದ್ಧೇಶ್ವರ ಸ್ವಾಮಿಗಳು

ವಿಜಯಪುರ ನಗರದ ಪಶ್ಚಿಮಕ್ಕಿರುವ ತಿಕೋಟಾ, ಬಬಲೇಶ್ವರ ಪ್ರಾಂತವು ಆಗ ಮಳೆಯನ್ನೇ ನಂಬಿದ್ದ ಬಯಲು ನಾಡಾಗಿತ್ತು. ಆ ತಿಕೋಟಾ ಸೀಮೆಯ ಬಿಜ್ಜರಗಿ ಗ್ರಾಮದ ಒಂದು ಒಕ್ಕಲು ಮನೆತನದಲ್ಲಿ, 1940ರ ಸುಮಾರಿಗೆ, ಶ್ರೀ ಸಿದ್ಧೇಶ್ವರ ಸ್ವಾಮಿಗಳು ಜನಿಸಿದರು. ಬಾಲ್ಯದಲ್ಲಿಯೇ ಅವರು ವಿಜಯಪುರದ ಜ್ಞಾನಯೋಗಾಶ್ರಮದ ಶ್ರೀ ಮಲ್ಲಿಕಾರ್ಜುನ ಸ್ವಾಮಿಗಳನ್ನು ಆಶ್ರಯಿಸಿದರು.

ಅವರ ಪಾಂಡಿತ್ಯಕ್ಕೆ ಮೂಲವಾದುದು ಗ್ರಂಥಾವಲೋಕನಕ್ಕಿಂತ ಮೊದಲು ಶ್ರವಣವೆಂಬುದು ಗಮನಾರ್ಹವಾಗಿದೆ. ಗುರುಗಳು ಮಾಡಿದ 'ಸಿದ್ಧಾಂತ ಶಿಖಾಮಣಿ'ಯ ಪ್ರವಚನಗಳನ್ನು ಕೇಳಿ, ಸಂಗ್ರಹಿಸಿ, ಗ್ರಂಥರೂಪಕ್ಕೆ ತಂದಾಗ ಶಿಷ್ಯರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಆ ಸಂಸ್ಕೃತ ಗ್ರಂಥವಾದರೂ ರೇಣುಕರು ಅಗಸ್ತ್ಯನಿಗೆ ಉಪದೇಶಿಸಿದ ಸಂವಾದರೂಪದ್ದೇ ಆಗಿರುವುದು. ತರುವಾಯ ಅವರು ಕೊಲ್ಹಾಪುರದಲ್ಲಿ ತತ್ತ್ವಶಾಸ್ತ್ರದ ಎಂ.ಎ. ಪದವಿಯನ್ನು ಪಡೆದರು. ಅಲ್ಲಮಪ್ರಭುವಿನ ವಚನಗಳಿಗೂ ಪತಂಜಲಿಯ ಯೋಗಸೂತ್ರಗಳಿಗೂ ಅವರು ಮಾಡಿದ ವ್ಯಾಖ್ಯಾನಗಳು ಒಂದೇ ಮತಕ್ಕೆ ಕಟ್ಟುಬಿದ್ದವುಗಳಲ್ಲ.

ಕೇಳಿ ಪಡೆದುದನ್ನು ಅವರು ಮಾತಿನಿಂದಲೇ ಹಂಚಿದರು. ಒಂದು ಊರಿನಲ್ಲಿ ತಿಂಗಳುಗಟ್ಟಲೆ ನಿಂತು ಪ್ರಾತಃಕಾಲದಲ್ಲಿ ಪ್ರವಚನ ನಡೆಸುವುದು ಅವರ ರೂಢಿ. ಉಪನಿಷತ್ತಿನ ಗಹನಾರ್ಥವನ್ನು ಹೊಲ, ಬಾವಿ, ಹಕ್ಕಿಗಳ ದೃಷ್ಟಾಂತದಿಂದ ಅಕ್ಷರವರಿಯದ ರೈತನಿಗೂ ತಿಳಿಯುವಂತೆ ಹೇಳುತ್ತಿದ್ದರು. ಹಣವಿಡಲು ಆಸ್ಪದವಾಗದಿರಲೆಂದು ಅವರು ಜೇಬಿಲ್ಲದ ಅಂಗಿಯನ್ನು ತೊಡುತ್ತಿದ್ದುದು ನಾಡಿಗೆಲ್ಲ ತಿಳಿದ ಸಂಗತಿ. 2018ರಲ್ಲಿ ಭಾರತ ಸರ್ಕಾರವು ಘೋಷಿಸಿದ ಪದ್ಮಶ್ರೀ ಪ್ರಶಸ್ತಿಯನ್ನು, ಸನ್ಯಾಸಿಗೆ ಅದರ ಅವಶ್ಯಕತೆಯಿಲ್ಲವೆಂದು, ವಿನಯಪೂರ್ವಕವಾಗಿ ನಿರಾಕರಿಸಿದರು.

ಚರಿತ್ರಕಾರನಿಗೆ ಇವೆಲ್ಲಕ್ಕಿಂತ ಮುಖ್ಯವಾದುದು ಅವರು 2014ರ ಗುರುಪೂರ್ಣಿಮೆಯಂದು ಬರೆದಿಟ್ಟ ಅಂತಿಮ ಪತ್ರ. (ನಗರಕ್ಕೆ ಆಗಿನ್ನೂ ಬಿಜಾಪುರವೆಂಬ ಹೆಸರೇ ಇದ್ದಿತು, ಅದು ಬದಲಾದುದು ಅದೇ ವರ್ಷದ ನವೆಂಬರ್ 1ರಂದು.) ದೇಹವನ್ನು ಭೂಮಿಯಲ್ಲಿಡದೆ ಅಗ್ನಿಗೆ ಅರ್ಪಿಸಬೇಕು, ಶ್ರಾದ್ಧಾದಿ ವಿಧಿಗಳು ಬೇಡ, ಚಿತಾಭಸ್ಮವನ್ನು ನದಿಯಲ್ಲಾಗಲಿ ಸಾಗರದಲ್ಲಾಗಲಿ ವಿಸರ್ಜಿಸಬೇಕು, ಸ್ಮಾರಕವನ್ನು ಕಟ್ಟಕೂಡದು ಎಂದು ಅದರಲ್ಲಿ ವಿಧಿಸಿದ್ದರು. ಸಮಾಧಿಯೇ ಸಂಪ್ರದಾಯವಾಗಿರುವ, ಗದ್ದುಗೆಗೆ ನಡೆದುಕೊಳ್ಳುವುದೇ ಭಕ್ತಿಯೆನಿಸಿರುವ ಸೀಮೆಯಲ್ಲಿ ಇದು ಸಾಮಾನ್ಯವಾದ ಕೋರಿಕೆಯಲ್ಲ. ಗೋಳಗುಮ್ಮಟದ ನೆರಳಿನ ಊರಿನಲ್ಲಿಯಂತೂ ಇದು ಇನ್ನೂ ವಿಶೇಷವೇ ಸರಿ.

2023ರ ಜನವರಿ 2ರಂದು, ವೈಕುಂಠ ಏಕಾದಶಿಯ ಸಂಜೆ, ಸ್ವಾಮಿಗಳು ಲಿಂಗೈಕ್ಯರಾದರು. ಸೈನಿಕ ಶಾಲೆಯ ಮೈದಾನದಲ್ಲಿ ಅಪಾರ ಜನಸ್ತೋಮವು ದರ್ಶನ ಪಡೆದ ಬಳಿಕ, ಮರುದಿನವೇ ಆಶ್ರಮದ ಆವರಣದಲ್ಲಿ ದಹನಸಂಸ್ಕಾರವು ನೆರವೇರಿತು. ಭಸ್ಮವು ಕೂಡಲಸಂಗಮದ ನೀರಿಗೂ ಗೋಕರ್ಣದ ಕಡಲಿಗೂ ಸೇರಿತು.